ನೀರಿನಡಿಯ ಕತ್ತಲಲ್ಲಿ ಹಗ್ಗವೇ ಕಣ್ಣು: ರಕ್ಷಣಾ ಮುಳುಗುಗಾರರು ಸಿದ್ಧಗೊಳ್ಳುವ ಬಗೆ

ಕೆರೆಗೆ ಈಜಲು ಹೋದ ವಿದ್ಯಾರ್ಥಿಗಳು, ನಾಲೆಗೆ ಉರುಳಿದ ಕಾರು, ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವಾಗ ಹೊಳೆಗೆ ಜಾರಿದ ಪ್ರವಾಸಿ - ಇಂಥ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳದ ವಾರ ವಿರಳ. ಆ ಸುದ್ದಿಗಳ ಕೊನೆಯ ಸಾಲು ಬಹುತೇಕ ಒಂದೇ ಆಗಿರುತ್ತದೆ: ಅಗ್ನಿಶಾಮಕ ದಳದ ಸಿಬ್ಬಂದಿ ಹಾಗೂ ಸ್ಥಳೀಯ ಮುಳುಗು ತಜ್ಞರು ಶೋಧ ಕಾರ್ಯ ಮುಂದುವರಿಸಿದ್ದಾರೆ. ಆ ಒಂದು ಸಾಲಿನಲ್ಲಿ ಅಡಗಿರುವ ಕೆಲಸ ಎಂಥದು, ಅದಕ್ಕೆ ಇಳಿಯುವವರು ಏನನ್ನು ಕಲಿತಿರಬೇಕು, ಕಲಿಯದೆ ಇಳಿದರೆ ಏನಾಗುತ್ತದೆ ಎಂಬ ಸಂಗತಿಗಳು ಮಾತ್ರ ಸಾರ್ವಜನಿಕರ ಗಮನಕ್ಕೆ ಬರುವುದು ಅಪರೂಪ.

ಸಮಸ್ಯೆಯ ಗಾತ್ರ ಸಣ್ಣದೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನೀಡುವ ಅಂಕಿಅಂಶಗಳ ಪ್ರಕಾರ, 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಮೃತಪಟ್ಟವರ ಸಂಖ್ಯೆ 38 ಸಾವಿರವನ್ನು ಮೀರಿತ್ತು. ಜಗತ್ತಿನಾದ್ಯಂತ 2021ರಲ್ಲಿ ಸುಮಾರು 3 ಲಕ್ಷ ಮಂದಿ ಹೀಗೆ ಪ್ರಾಣ ಕಳೆದುಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಜುಲೈ 25ನ್ನು ಮುಳುಗು ಸಾವುಗಳ ತಡೆಗಾಗಿ ಮೀಸಲಾದ ದಿನವೆಂದು ಘೋಷಿಸಿತು.

ಇಷ್ಟು ಸಾವುಗಳ ಸಂದರ್ಭದಲ್ಲೆಲ್ಲ ಯಾರೋ ಒಬ್ಬರು ನೀರಿಗಿಳಿಯಲೇಬೇಕು. ಆ ಇಳಿಯುವವರ ಪೈಕಿ ಕೆಲವರು ಮರಳಿ ಬರುವುದಿಲ್ಲ. ಮುಳುಗುತ್ತಿರುವ ಗೆಳೆಯನನ್ನೋ ಮಗುವನ್ನೋ ಉಳಿಸಹೋಗಿ ಎರಡನೆಯವರು, ಮೂರನೆಯವರು ಪ್ರಾಣಬಿಟ್ಟ ಪ್ರಕರಣಗಳನ್ನು ಓದುಗರು ಅನೇಕ ಬಾರಿ ಓದಿದ್ದಾರೆ. ರಕ್ಷಣಾ ಮುಳುಗುಗಾರರ ತರಬೇತಿಯ ಇಡೀ ಶಾಸ್ತ್ರವು ಈ ಎರಡನೆಯ ಸಾವನ್ನು ತಪ್ಪಿಸುವ ಸುತ್ತಲೇ ಬೆಳೆದುಬಂದಿದೆ.

ಈಜು ಬೇರೆ, ಮುಳುಗು ಬೇರೆ

ಚೆನ್ನಾಗಿ ಈಜಬಲ್ಲವನು ಒಳ್ಳೆಯ ಮುಳುಗುಗಾರನಾಗಬಲ್ಲ ಎಂಬುದು ಸಾಮಾನ್ಯ ನಂಬಿಕೆ. ಇದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ ಪೊಲೀಸ್ ಹಾಗೂ ಅಗ್ನಿಶಾಮಕ ಇಲಾಖೆಗಳ ಮುಳುಗು ತಂಡಗಳು ಬಳಸುವ ಒಂದು ಪ್ರಸಿದ್ಧ ವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ. ಯಾವ ಸಾಧನದ ನೆರವೂ ಇಲ್ಲದೆ 500 ಗಜ ಈಜುವುದು, 15 ನಿಮಿಷ ನಿಂತಲ್ಲೇ ತೇಲುವುದು, ಸ್ನಾರ್ಕೆಲ್ ಹಾಗೂ ಕಾಲ್ಗರಿಗಳೊಂದಿಗೆ 800 ಗಜ ಸಾಗುವುದು, ಚಲನೆಯಿಲ್ಲದ ಮತ್ತೊಬ್ಬ ಮುಳುಗುಗಾರನನ್ನು 100 ಗಜ ದೂರ ಎಳೆದೊಯ್ಯುವುದು. ಆದರೆ ಇದು ತರಬೇತಿಯ ಹೊಸ್ತಿಲು ಮಾತ್ರ. ಈ ಪರೀಕ್ಷೆ ದಾಟಿದವನಿಗೆ ನೀರಿನ ಭಯವಿಲ್ಲ ಎಂಬುದು ಖಚಿತವಾಗುತ್ತದೆಯೇ ಹೊರತು, ನೀರಿನಡಿಯಲ್ಲಿ ಕೆಲಸ ಮಾಡಬಲ್ಲ ಎಂಬುದು ಖಚಿತವಾಗುವುದಿಲ್ಲ.

ಹವ್ಯಾಸಿ ಮುಳುಗಿಗೂ ರಕ್ಷಣಾ ಮುಳುಗಿಗೂ ಇರುವ ಅಂತರವೂ ಇಲ್ಲೇ ಗೋಚರಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ತೆರಳಿ ಸ್ಕೂಬಾ ಕಲಿಯುವವರು ತಿಳಿನೀರಿನಲ್ಲಿ, ಹವೆ ಅನುಕೂಲವಾಗಿರುವ ತಿಂಗಳುಗಳಲ್ಲಿ, ಹಗಲು ಹೊತ್ತಿನಲ್ಲಿ ಇಳಿಯುತ್ತಾರೆ. ಹವಳ ಕಾಣದಷ್ಟು ನೀರು ಕದಡಿದ್ದರೆ ಅಂದಿನ ಪ್ರವಾಸವೇ ರದ್ದಾಗುತ್ತದೆ. ರಕ್ಷಣಾ ಮುಳುಗುಗಾರನಿಗೆ ಸ್ಥಳ, ಕಾಲ, ಹವೆಗಳನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲ. ಅಪಘಾತ ನಡೆದ ಜಾಗವೇ ಅವನ ಕೆಲಸದ ಜಾಗ. ಅದು ಕಲ್ಲುಕ್ವಾರಿಯ ಹೊಂಡವಿರಬಹುದು, ಚರಂಡಿ ನೀರು ಸೇರಿದ ನಗರದ ಕೆರೆಯಿರಬಹುದು, ಮುಳ್ಳುಕಂಟಿ ತುಂಬಿದ ಹಳೆಯ ಬಾವಿಯಿರಬಹುದು.

ಒತ್ತಡದ ಪಾಠ

ತರಬೇತಿಯ ಮೊದಲ ಪಾಠ ಭೌತಶಾಸ್ತ್ರದ್ದು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ದೇಹದ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದಿದ್ದ ಒತ್ತಡ 10 ಮೀಟರ್ ಆಳದಲ್ಲಿ ಎರಡಾಗುತ್ತದೆ, 30 ಮೀಟರ್ ಆಳದಲ್ಲಿ ನಾಲ್ಕಾಗುತ್ತದೆ. ಸಿಲಿಂಡರಿನ ಗಾಳಿ ಆ ಒತ್ತಡಕ್ಕೆ ಸಮನಾಗಿಯೇ ಶ್ವಾಸಕೋಶಕ್ಕೆ ಬರುವುದರಿಂದ ಆಳಕ್ಕೆ ಹೋದಷ್ಟೂ ಗಾಳಿ ಬೇಗ ಮುಗಿಯುತ್ತದೆ.

ಲೆಕ್ಕವೊಂದನ್ನು ನೋಡಬಹುದು. 12 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದರೆ ಅದು ಹೊರಗಿನ ಲೆಕ್ಕದಲ್ಲಿ ಸುಮಾರು 2,400 ಲೀಟರ್ ಆಗುತ್ತದೆ. ಶಾಂತವಾಗಿರುವ ವ್ಯಕ್ತಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆಂದರೆ ಮೇಲ್ಮೈಯಲ್ಲಿ ಆ ಗಾಳಿ ಎರಡು ಗಂಟೆ ಬರುತ್ತದೆ. 10 ಮೀಟರ್ ಆಳದಲ್ಲಿ ಒಂದು ಗಂಟೆ, 30 ಮೀಟರ್ ಆಳದಲ್ಲಿ ಅರ್ಧ ಗಂಟೆ. ಅದೇ ವ್ಯಕ್ತಿ ಗಾಬರಿಗೊಂಡು ಅಥವಾ ಪ್ರವಾಹದ ವಿರುದ್ಧ ಹೆಣಗುತ್ತ ಎರಡು ಪಟ್ಟು ಉಸಿರಾಡಿದರೆ 30 ಮೀಟರ್ ಆಳದಲ್ಲಿ ಅವನಿಗೆ ಉಳಿಯುವುದು ಕಾಲು ಗಂಟೆ. ಅದರಲ್ಲಿಯೂ ಮೇಲೇರಲು ಬೇಕಾದ ಗಾಳಿಯನ್ನೂ, ಆಪತ್ತಿಗೆಂದು ಮೀಸಲಿಡುವ ಪಾಲನ್ನೂ ಕಳೆದರೆ ದುಡಿಮೆಗೆ ದೊರೆಯುವುದು ಕೆಲವೇ ನಿಮಿಷ. ಗಾಬರಿಯನ್ನು ಹತೋಟಿಯಲ್ಲಿಡುವುದು ಮುಳುಗುಗಾರನಿಗೆ ಗಾಳಿಯ ಉಳಿತಾಯದ ಪ್ರಶ್ನೆಯೂ ಹೌದು.

ಮೇಲೇರುವ ಹಾದಿ ಇಳಿಯುವ ಹಾದಿಗಿಂತ ಅಪಾಯಕಾರಿ. ಆಳದಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು 10 ಮೀಟರಿನಿಂದ ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಇಮ್ಮಡಿಯಾಗಿ ಹಿಗ್ಗುತ್ತದೆ. ಅಂಗಾಂಶ ಹರಿದು ಗಾಳಿಗುಳ್ಳೆಗಳು ರಕ್ತದ ಮೂಲಕ ಮಿದುಳನ್ನು ಸೇರಿದರೆ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಬಹುದು. ಈ ಅನಾಹುತಕ್ಕೆ ಒಂದೆರಡು ಮೀಟರ್ ಆಳವೂ ಸಾಕು. ಆದ್ದರಿಂದ ಸ್ಕೂಬಾ ಕಲಿಸುವ ಎಲ್ಲ ಶಾಲೆಗಳ ಮೊದಲ ನಿಯಮ ಒಂದೇ: ಉಸಿರಾಟವನ್ನು ಎಂದೂ ನಿಲ್ಲಿಸಬಾರದು.

ಎರಡನೆಯ ಅಪಾಯ ಸಾರಜನಕದ್ದು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿ ನಿಲ್ಲುತ್ತದೆ. ಅವಸರದಲ್ಲಿ ಮೇಲೆ ಬಂದರೆ, ಮುಚ್ಚಳ ತೆರೆದ ಸೋಡಾ ಬಾಟಲಿಯಲ್ಲಿ ಗುಳ್ಳೆ ಏಳುವಂತೆ ಅದು ದೇಹದೊಳಗೇ ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಇದರ ಪರಿಣಾಮಗಳಿವೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿತಳದ ಒತ್ತಡದ ಕೋಣೆಗಳಲ್ಲಿ ದುಡಿದ ಕಾರ್ಮಿಕರನ್ನು ಈ ಬೇನೆ ಕಾಡಿತು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಬ್ರಿಟನ್ನಿನ ಶರೀರವಿಜ್ಞಾನಿ ಜೆ.ಎಸ್. ಹಾಲ್ಡೇನ್ ಮತ್ತು ಸಹೋದ್ಯೋಗಿಗಳು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದ ಮೇಲೆಯೇ ಈ ವಿದ್ಯೆಗೆ ಭದ್ರ ತಳಹದಿ ದೊರೆಯಿತು. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬಾರದೆಂಬುದು ಈಗ ಬಹುವಾಗಿ ಪಾಲಿಸಲಾಗುವ ಮಿತಿ. ಬೇನೆ ಬಿದ್ದವನಿಗೆ ಶುದ್ಧ ಆಮ್ಲಜನಕ ಕೊಟ್ಟು, ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಆ ಕೋಣೆ ಎಲ್ಲಿದೆ, ಎಷ್ಟು ಹೊತ್ತಿನ ದಾರಿ ಎಂಬುದನ್ನು ನೀರಿಗಿಳಿಯುವ ಮೊದಲೇ ತಿಳಿದಿರುವುದು ತಂಡದ ಕರ್ತವ್ಯ.

ಕತ್ತಲ ಅಭ್ಯಾಸ

ಫ್ರಾನ್ಸಿನಲ್ಲಿ ಜಾಕ್ ಕೂಸ್ತೊ ಹಾಗೂ ಎಮಿಲ್ ಗಾನ್ಯಾ 1943ರಲ್ಲಿ ಬೇಡಿಕೆಗೆ ತಕ್ಕಂತೆ ಗಾಳಿ ಒದಗಿಸುವ ಉಸಿರಾಟದ ಸಾಧನವನ್ನು ರೂಪಿಸಿದ ಬಳಿಕ ನೀರಿನಡಿಯ ಲೋಕ ಸಾಮಾನ್ಯರಿಗೂ ತೆರೆದುಕೊಂಡಿತು. ಆದರೆ ರಕ್ಷಣಾ ಮುಳುಗುಗಾರನಿಗೆ ನೋಡಲು ದೊರೆಯುವ ಲೋಕ ತೀರ ಕಡಿಮೆ. ಮಳೆಗಾಲದ ಹೊಳೆಯಲ್ಲಿ, ಹೂಳು ತುಂಬಿದ ಜಲಾಶಯದಲ್ಲಿ ಕೈಯನ್ನು ಮುಖದ ಹತ್ತಿರ ತಂದರೂ ಅದು ಕಾಣುವುದಿಲ್ಲ. ಟಾರ್ಚಿನ ಬೆಳಕು ಮಣ್ಣಿನ ಕಣಗಳಿಗೆ ಬಡಿದು ಮಂಜಿನಲ್ಲಿ ಹೆಡ್‌ಲೈಟ್ ಹಾಕಿದಂತೆ ಹಿಂದಕ್ಕೆ ಹೊಮ್ಮುತ್ತದೆ.

ಈ ಸ್ಥಿತಿಗೆ ಒಗ್ಗಿಸಲು ತರಬೇತಿಯು ಈಜುಕೊಳದಲ್ಲೇ ಆರಂಭವಾಗುತ್ತದೆ. ಅಭ್ಯರ್ಥಿಯ ಮುಖವಾಡದ ಗಾಜಿಗೆ ಕಪ್ಪು ಹಾಳೆ ಅಂಟಿಸಲಾಗುತ್ತದೆ. ಆ ಕುರುಡಿನಲ್ಲೇ ಅವನು ಸಾಧನಗಳನ್ನು ಕಳಚಿ ಮರುಧರಿಸಬೇಕು, ಬಾಯಿಂದ ಜಾರಿದ ರೆಗ್ಯುಲೇಟರನ್ನು ತಡಕಿ ಹುಡುಕಬೇಕು, ಬೇಕೆಂದೇ ಸುತ್ತಿದ ಮೀನುಬಲೆಯಿಂದ ಬಿಡಿಸಿಕೊಳ್ಳಬೇಕು. ಬಲೆಯನ್ನೋ ತಂತಿಯನ್ನೋ ಕತ್ತರಿಸಲು ಎರಡು ಸಾಧನಗಳು, ಯಾವ ಕೈಗಾದರೂ ಎಟಕುವ ಬೇರೆ ಬೇರೆ ಜಾಗಗಳಲ್ಲಿ, ಅವನ ಮೈಮೇಲೆ ಇರಬೇಕೆಂಬುದು ನಿಯಮ. ಸಿಕ್ಕಿಬಿದ್ದಾಗ ಒದ್ದಾಡಿದರೆ ಗಂಟು ಬಿಗಿಯಾಗುತ್ತದೆ. ಮೊದಲು ನಿಲ್ಲಬೇಕು, ಉಸಿರಾಡಬೇಕು, ಬಳಿಕ ಯೋಚಿಸಿ ಕೈಯಾಡಿಸಬೇಕು. ಈ ಕ್ರಮ ಯೋಚನೆಯಿಲ್ಲದೆಯೇ ಕೈಗೆ ಬರುವವರೆಗೆ ಅಭ್ಯಾಸ ನಡೆಯುತ್ತದೆ.

ನೀರಿನ ಗುಣವೂ ಪಾಠದ ಭಾಗ. ಕೊಳಚೆ, ಕಾರ್ಖಾನೆಯ ತ್ಯಾಜ್ಯ, ಮುಳುಗಿದ ವಾಹನದಿಂದ ಸೋರಿದ ಇಂಧನ, ಇಲಿಜ್ವರದಂಥ ರೋಗಗಳ ಸೂಕ್ಷ್ಮಾಣುಗಳು ಇರಬಹುದಾದ ಕಡೆ ಬಾಯಿಯಲ್ಲಿ ಕಚ್ಚಿ ಹಿಡಿಯುವ ಸಾಮಾನ್ಯ ರೆಗ್ಯುಲೇಟರ್ ಸಾಲದು. ಮುಖವಿಡೀ ಮುಚ್ಚುವ ಮುಖವಾಡ, ಚರ್ಮಕ್ಕೆ ನೀರು ತಾಕದ ಒಣ ಉಡುಪು, ಮೇಲೆ ಬಂದೊಡನೆ ಶುದ್ಧನೀರಿನಿಂದ ಉಡುಪನ್ನು ತೊಳೆಯುವ ವ್ಯವಸ್ಥೆ ಬೇಕು. ಚಡ್ಡಿ ಧರಿಸಿ, ಮೂಗು ಹಿಡಿದು ನಗರದ ಕೆರೆಗೆ ಧುಮುಕುವ ಶೋಧಕರ ಚಿತ್ರಗಳನ್ನು ಕಂಡವರಿಗೆ ಈ ಅಂತರ ಎಷ್ಟೆಂಬುದು ಅರ್ಥವಾದೀತು.

ದಡದ ಮೇಲಿನ ತಂಡ

ಸುಶಿಕ್ಷಿತ ತಂಡದಲ್ಲಿ ನೀರಿನೊಳಗೆ ಒಬ್ಬನಿದ್ದರೆ ದಡದ ಮೇಲೆ ಕನಿಷ್ಠ ಮೂವರು ಅವನಿಗಾಗಿಯೇ ಇರುತ್ತಾರೆ. ಮೊದಲನೆಯವನು ಹಗ್ಗ ನಿರ್ವಾಹಕ. ಮುಳುಗುಗಾರನ ಎದೆಪಟ್ಟಿಗೆ ಬಿಗಿದ ಹಗ್ಗದ ಇನ್ನೊಂದು ತುದಿ ಇವನ ಕೈಯಲ್ಲಿರುತ್ತದೆ. ಎರಡನೆಯವನು ಮೀಸಲು ಮುಳುಗುಗಾರ. ಪೂರ್ಣ ಸಜ್ಜಾಗಿ, ಮುಖವಾಡವೊಂದನ್ನು ಏರಿಸಿಕೊಂಡರೆ ನೀರಿಗಿಳಿಯಬಲ್ಲ ಸ್ಥಿತಿಯಲ್ಲಿ ಕುಳಿತಿರುತ್ತಾನೆ. ಮೂರನೆಯವನು ಮೇಲ್ವಿಚಾರಕ, ಇಳಿದ ಸಮಯ, ಆಳ, ಉಳಿದ ಗಾಳಿ, ಶೋಧಿಸಿದ ಜಾಗ ಇವೆಲ್ಲವನ್ನೂ ಬರೆದಿಡುತ್ತ ಕೆಲಸವನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಅಧಿಕಾರ ಹೊಂದಿರುತ್ತಾನೆ.

ಮಾತು ಸಾಧ್ಯವಿಲ್ಲದಾಗ ಹಗ್ಗವೇ ಭಾಷೆಯಾಗುತ್ತದೆ. ಅಮೆರಿಕದ ನೌಕಾಪಡೆಯ ಪದ್ಧತಿಯಲ್ಲಿ ನಿರ್ವಾಹಕ ಒಮ್ಮೆ ಎಳೆದರೆ ‘ಕ್ಷೇಮವೇ?’ ಎಂಬ ಪ್ರಶ್ನೆ. ಮುಳುಗುಗಾರ ಒಮ್ಮೆ ಎಳೆದರೆ ‘ಕ್ಷೇಮ’ ಎಂಬ ಉತ್ತರ. ನಾಲ್ಕು ಬಾರಿ ಎಳೆದರೆ ‘ಮೇಲಕ್ಕೆತ್ತಿ’. ಎರಡೆರಡರಂತೆ ಮೂರು ಸಲ ಎಳೆದರೆ ‘ಸಿಕ್ಕಿಬಿದ್ದಿದ್ದೇನೆ, ಇನ್ನೊಬ್ಬ ಮುಳುಗುಗಾರನ ನೆರವು ಬೇಕು’. ಮೂರು ಮೂರರಂತೆ ಎಳೆದರೆ ‘ಸಿಕ್ಕಿಬಿದ್ದಿದ್ದೇನೆ, ಬಿಡಿಸಿಕೊಳ್ಳಬಲ್ಲೆ’. ಸಂಕೇತಗಳು ತಂಡದಿಂದ ತಂಡಕ್ಕೆ ಬದಲಾಗಬಹುದು. ಆದರೆ ಒಂದೇ ತಂಡದೊಳಗೆ, ಒಂದೇ ದಡದ ಮೇಲೆ ಕೂಡಿ ದುಡಿಯುವ ಎಲ್ಲ ತಂಡಗಳ ನಡುವೆ ಅವು ಒಂದೇ ಆಗಿರಬೇಕು. ಪೊಲೀಸರು, ಅಗ್ನಿಶಾಮಕ ದಳ, ಸ್ವಯಂಸೇವಕರು ಬೇರೆ ಬೇರೆ ಸಂಕೇತ ಬಳಸಿದರೆ ಸಹಾಯದ ಕೂಗು ಕ್ಷೇಮದ ಉತ್ತರವಾಗಿ ಕೇಳಿಸಬಹುದು.

ಹೊಸ ಅಭ್ಯರ್ಥಿಗಳಿಗೆ ಹಗ್ಗ ಹಿಡಿಯುವ ಕೆಲಸ ಕೀಳೆನಿಸುವುದುಂಟು. ಅನುಭವಿ ಶಿಕ್ಷಕರು ಇದನ್ನು ಮೊದಲೇ ತಿದ್ದುತ್ತಾರೆ. ಏನೂ ಕಾಣದ ನೀರಿನಲ್ಲಿ ಮುಳುಗುಗಾರನಿಗೆ ತಾನು ಎಲ್ಲಿದ್ದೇನೆಂಬುದು ತಿಳಿಯುವುದಿಲ್ಲ. ಅದು ತಿಳಿದಿರುವುದು ಹಗ್ಗ ಹಿಡಿದವನಿಗೆ. ಎಷ್ಟು ಹಗ್ಗ ಬಿಡಬೇಕು, ಎಷ್ಟು ಬಿಗಿ ಇಡಬೇಕು, ಯಾವಾಗ ದಿಕ್ಕು ಬದಲಿಸಬೇಕು ಎಂಬುದನ್ನೆಲ್ಲ ಅವನೇ ನಿರ್ಧರಿಸುತ್ತಾನೆ. ಗುಳ್ಳೆಗಳು ಏಳುವ ಲಯವನ್ನು ನೋಡಿ ಕೆಳಗಿರುವವನ ಆತಂಕವನ್ನು ಊಹಿಸಬಲ್ಲ ನಿರ್ವಾಹಕ ತಂಡದ ಆಸ್ತಿ.

ಶೋಧದ ಲೆಕ್ಕ

ಶೋಧವೆಂದರೆ ಕಂಡಕಂಡಲ್ಲಿ ಮುಳುಗಿ ತಡಕುವುದಲ್ಲ. ನಿಂತ ನೀರಿನಲ್ಲಿ ಮುಳುಗಿದ ವ್ಯಕ್ತಿ ಸಾಮಾನ್ಯವಾಗಿ ಕೊನೆಯದಾಗಿ ಕಂಡ ಸ್ಥಳಕ್ಕೆ ಹತ್ತಿರದಲ್ಲೇ ತಳ ಸೇರಿರುತ್ತಾನೆ. ಆದ್ದರಿಂದ ಮೊದಲ ಕೆಲಸ ನಡೆಯುವುದು ನೀರಿನಲ್ಲಲ್ಲ, ಸಾಕ್ಷಿಗಳ ಜೊತೆ. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ, ಅವರು ಘಟನೆಯ ವೇಳೆ ನಿಂತಿದ್ದ ಜಾಗದಲ್ಲೇ ನಿಲ್ಲಿಸಿ, ಎದುರು ದಡದ ಮರವನ್ನೋ ಕಂಬವನ್ನೋ ಗುರುತಾಗಿಟ್ಟು ದಿಕ್ಕು ತೋರಿಸಲು ಹೇಳಲಾಗುತ್ತದೆ. ಎರಡು ಕಡೆಯಿಂದ ಎಳೆದ ರೇಖೆಗಳು ಕೂಡುವಲ್ಲಿ ಶೋಧ ಆರಂಭವಾಗುತ್ತದೆ.

ಬಳಿಕದ್ದು ಕ್ಷೇತ್ರಗಣಿತ. ದಡದಿಂದ ಹಗ್ಗದ ಅಳತೆಯಲ್ಲಿ ಕಮಾನಿನಾಕಾರದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸಾಗುತ್ತ, ಪ್ರತಿ ಸುತ್ತಿಗೂ ಹಗ್ಗವನ್ನು ತೋಳಿನ ಅಳತೆಗಿಂತ ತುಸು ಕಡಿಮೆ ಬದಲಿಸುವುದು ಒಂದು ವಿಧಾನ. ದೋಣಿಯಿಂದ ಇಳಿಬಿಟ್ಟ ಲಂಗರಿನ ಸುತ್ತ ವೃತ್ತಾಕಾರದಲ್ಲಿ ಹುಡುಕುವುದು ಇನ್ನೊಂದು. ತಳದಲ್ಲಿ ಬಿಗಿದ ಹಗ್ಗದ ಗುಂಟ ಸಾಲುಸಾಲಾಗಿ ಸಾಗುವುದು ಮತ್ತೊಂದು. ಯಾವುದೇ ವಿಧಾನವಿರಲಿ, ಸುತ್ತುಗಳು ಒಂದರ ಮೇಲೊಂದು ಸ್ವಲ್ಪ ಹಾಯಬೇಕು ಮತ್ತು ಹುಡುಕಿದ ಜಾಗ ನಕ್ಷೆಯಲ್ಲಿ ದಾಖಲಾಗಬೇಕು. ‘ಇಲ್ಲಿ ಇಲ್ಲ’ ಎಂದು ಖಚಿತವಾಗಿ ಹೇಳಬಲ್ಲ ಶೋಧವು ಬರಿಗೈಯಲ್ಲಿ ಮರಳಿದರೂ ವ್ಯರ್ಥವಲ್ಲ.

ನೋಡಿದವರಿದ್ದರೂ ಕೆಲಸ ಸುಲಭವಾಗುವುದಿಲ್ಲ ಎಂಬುದಕ್ಕೆ ಕನ್ನಡಿಗರು ಮರೆಯದ ನಿದರ್ಶನವಿದೆ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ಇಬ್ಬರು ನಟರು ಮುಳುಗಿ ಮೃತಪಟ್ಟರು. ಕ್ಯಾಮೆರಾಗಳ ಎದುರಿನಲ್ಲೇ ನಡೆದ ದುರಂತವಾದರೂ ದೇಹಗಳನ್ನು ಹೊರತೆಗೆಯಲು ದಿನಗಳೇ ಹಿಡಿದವು. ನೀರಿಗೆ ಹಾರುವ ಮುನ್ನವೇ ಮುಳುಗುಗಾರರು, ದೋಣಿ, ತೇಲುಕವಚಗಳು ಸಿದ್ಧವಿರಬೇಕಾದ ಅಗತ್ಯವನ್ನು ಆ ಘಟನೆ ಕಠೋರವಾಗಿ ಮನಗಾಣಿಸಿತು.

‘ಇಳಿಯಬೇಡಿ’ ಎನ್ನುವ ವಿದ್ಯೆ

ತರಬೇತಿಯಲ್ಲಿ ಕಲಿಸಲು ಅತಿ ಕಷ್ಟವಾದದ್ದು ಇಳಿಯದಿರುವ ನಿರ್ಧಾರ. ಹರಿಯುವ ನೀರು ದೇಹದ ಮೇಲೆ ಹಾಕುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಎಂಥ ಗಟ್ಟಿ ಈಜುಗಾರನೂ ಈ ಗಣಿತದ ಎದುರು ಸೋಲುತ್ತಾನೆ.

ಅಂಕೋಲಾ ತಾಲ್ಲೂಕಿನ ಶಿರೂರು ಬಳಿ 2024ರ ಜುಲೈ 16ರಂದು ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದ ಜನ ಹಾಗೂ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿ ಸೇರಿದಾಗ ರಾಜ್ಯ ಇದನ್ನು ಕಣ್ಣಾರೆ ಕಂಡಿತು. ನೌಕಾಪಡೆ, ರಾಷ್ಟ್ರೀಯ ಹಾಗೂ ರಾಜ್ಯ ವಿಪತ್ತು ಸ್ಪಂದನ ಪಡೆಗಳು, ಮಲ್ಪೆಯಿಂದ ಬಂದ ಸ್ಥಳೀಯ ಮುಳುಗುಗಾರರು ಎಲ್ಲರೂ ಅಲ್ಲಿದ್ದರು. ಆದರೆ ತುಂಬಿ ಹರಿಯುತ್ತಿದ್ದ ನದಿಯ ಸೆಳೆತ ಶೋಧಕ್ಕೆ ಮತ್ತೆ ಮತ್ತೆ ತಡೆಯೊಡ್ಡಿತು. ಕೇರಳದ ಚಾಲಕನಿದ್ದ ಲಾರಿ ಪತ್ತೆಯಾದದ್ದು ಮಳೆ ಇಳಿದು, ಗೋವಾದಿಂದ ಹೂಳೆತ್ತುವ ಯಂತ್ರ ತರಿಸಿದ ಮೇಲೆ, ಸೆಪ್ಟೆಂಬರ್ 25ರಂದು. ದಡದಲ್ಲಿ ಕಾದಿದ್ದ ಬಂಧುಗಳಿಗೆ ಆ ಎರಡು ತಿಂಗಳ ವಿಳಂಬ ಅಸಹನೀಯವಾಗಿತ್ತು. ಆದರೆ ಆ ಪ್ರವಾಹಕ್ಕೆ ಮುಳುಗುಗಾರರನ್ನು ಒತ್ತಾಯದಿಂದ ಇಳಿಸಿದ್ದರೆ ಹುಡುಕಬೇಕಾದವರ ಸಂಖ್ಯೆ ಹೆಚ್ಚುವ ಸಂಭವವಿತ್ತು.

ಆಳದ ಮಿತಿಯೂ ಹೀಗೆಯೇ. ಮೇಘಾಲಯದ ಕ್ಸಾನ್ ಎಂಬಲ್ಲಿ 2018ರ ಡಿಸೆಂಬರ್ 13ರಂದು ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 15 ಕಾರ್ಮಿಕರು ಸಿಕ್ಕಿಬಿದ್ದರು. 350 ಅಡಿಗೂ ಹೆಚ್ಚು ಆಳದ ಆ ಬಾವಿಯಲ್ಲಿ ನೀರು ಇಳಿಯದೆ ಮುಳುಗುಗಾರರು ತಳ ಮುಟ್ಟುವಂತಿರಲಿಲ್ಲ. ಇಲಿಬಿಲದಂಥ ಸುರಂಗಗಳಲ್ಲಿ ನೌಕಾಪಡೆಯ ದೂರನಿಯಂತ್ರಿತ ಯಂತ್ರವೇ 2019ರ ಜನವರಿಯಲ್ಲಿ ಮೊದಲ ದೇಹವನ್ನು ಪತ್ತೆಹಚ್ಚಿತು. ಮನುಷ್ಯನಿಗೆ ಅಸಾಧ್ಯವಾದುದನ್ನು ಯಂತ್ರಕ್ಕೆ ಬಿಡುವ ವಿವೇಕವೂ ತರಬೇತಿಯ ಫಲವೇ.

ಅಣೆಕಟ್ಟು ಹಾಗೂ ನಾಲೆಗಳ ನಾಡಾದ ಕರ್ನಾಟಕದಲ್ಲಿ ಇನ್ನೊಂದು ಅಪಾಯವನ್ನು ವಿಶೇಷವಾಗಿ ಕಲಿಸಬೇಕಿದೆ. ತೂಬು, ಗೇಟು, ಕೊಳವೆಗಳ ಬಾಯಲ್ಲಿ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸದಿಂದ ಉಂಟಾಗುವ ಹೀರಿಕೆ ಅದು. ಐದು ಮೀಟರ್ ಆಳದಲ್ಲಿ, ಒಂದು ಅಡಿ ಉದ್ದಗಲದ ಕಿಂಡಿಯ ಆಚೆ ಬದಿ ಬರಿದಾಗಿದ್ದರೆ, ಅದಕ್ಕೆ ಅಡ್ಡ ಸಿಕ್ಕಿದ ದೇಹವನ್ನು ನೀರು ಸುಮಾರು 450 ಕಿಲೋಗ್ರಾಂ ಭಾರದಷ್ಟು ಬಲದಿಂದ ಅಲ್ಲೇ ಒತ್ತಿ ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ನೀರು ಕದಲದಂತೆ ಕಾಣುತ್ತದೆ. ಸೆಳೆತದ ಅರಿವಾಗುವ ಹೊತ್ತಿಗೆ ಮುಳುಗುಗಾರ ಅದರ ಹಿಡಿತದಲ್ಲಿರುತ್ತಾನೆ. ಗೇಟುಗಳನ್ನು ನಿಲ್ಲಿಸಿ, ಯಾರೂ ಚಾಲೂ ಮಾಡದಂತೆ ಬೀಗ ಹಾಕಿಸಿ, ಬೀಗದ ಕೈ ಮೇಲ್ವಿಚಾರಕನ ವಶಕ್ಕೆ ಬಂದ ಮೇಲೆಯೇ ಇಳಿಯಬೇಕೆಂಬ ನಿಯಮ ಇದರಿಂದ ಹುಟ್ಟಿತು.

ಪರಿಣತರಿಗೂ ವಿನಾಯಿತಿಯಿಲ್ಲ. ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 2018ರ ಜೂನ್ 23ರಂದು ಸಿಕ್ಕಿಬಿದ್ದ 12 ಬಾಲಕರು ಹಾಗೂ ಅವರ ತರಬೇತುದಾರ ಜುಲೈ 10ರ ವೇಳೆಗೆ ಎಲ್ಲರೂ ಜೀವಂತವಾಗಿ ಹೊರಬಂದರು. ಬಾಲಕರನ್ನು ಮೊದಲು ತಲುಪಿದವರು ಇಬ್ಬರು ಬ್ರಿಟಿಷ್ ಗುಹಾ ಮುಳುಗುಗಾರರು. ಕತ್ತಲ, ಇಕ್ಕಟ್ಟಾದ, ಕೆಸರು ನೀರಿನ ಗುಹೆಗಳಲ್ಲಿ ದಶಕಗಳ ಕಾಲ ಪಳಗಿದ್ದ ಅವರ ಅನುಭವ ಅಲ್ಲಿ ನೆರವಿಗೆ ಬಂತು. ಅದೇ ಕಾರ್ಯಾಚರಣೆಯಲ್ಲಿ ಗುಹೆಯೊಳಗೆ ಗಾಳಿ ಸಿಲಿಂಡರುಗಳನ್ನಿರಿಸಿ ಮರಳುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಕಮಾಂಡೊ ಸಮನ್ ಕುನನ್ ಪ್ರಾಣ ಕಳೆದುಕೊಂಡರು.

ಉಳಿಸುವುದೋ, ಹೊರತೆಗೆಯುವುದೋ

ತಂಡದ ಮುಂದೆ ಪ್ರತಿ ಸಲವೂ ಎದುರಾಗುವ ಪ್ರಶ್ನೆ ಇದು. ನೀರಿನಡಿಯಲ್ಲಿ ಉಸಿರು ಕಟ್ಟಿದ ಮೇಲೆ ಕೆಲವೇ ನಿಮಿಷಗಳಲ್ಲಿ ಆಮ್ಲಜನಕವಿಲ್ಲದೆ ಮಿದುಳಿಗೆ ಹಾನಿಯಾಗತೊಡಗುತ್ತದೆ. ಹಿಮದಷ್ಟು ತಣ್ಣನೆಯ ನೀರಿನಲ್ಲಿ ದೀರ್ಘ ಕಾಲದ ಬಳಿಕವೂ ಬದುಕಿದ ಅಪರೂಪದ ಉದಾಹರಣೆಗಳಿವೆಯಾದರೂ ದಕ್ಷಿಣ ಭಾರತದ ಬೆಚ್ಚಗಿನ ನೀರಿನಲ್ಲಿ ಆ ಭರವಸೆ ಕಡಿಮೆ. ಜೀವ ಉಳಿಯುವ ಅವಕಾಶವಿರುವಾಗ ತಂಡ ಲೆಕ್ಕಹಾಕಿ ಹೆಚ್ಚಿನ ಅಪಾಯವನ್ನು ಎದುರಿಸಬಹುದು. ಆ ಗಡುವು ಮೀರಿದ ಮೇಲೆ ಕೆಲಸ ದೇಹವನ್ನು ಹೊರತೆಗೆಯುವುದಕ್ಕೆ ಸೀಮಿತವಾಗುತ್ತದೆ. ಅದಕ್ಕಾಗಿ ಬದುಕಿರುವವನ ಪ್ರಾಣವನ್ನು ಪಣಕ್ಕಿಡುವಂತಿಲ್ಲ. ಕತ್ತಲಾದರೆ ಬೆಳಗಿನವರೆಗೆ ಕಾಯಬಹುದು, ಪ್ರವಾಹವಿದ್ದರೆ ಇಳಿಯುವವರೆಗೆ ಕಾಯಬಹುದು. ಕಾಯುವುದನ್ನು ನಿರ್ಲಕ್ಷ್ಯವೆಂದು ಭಾವಿಸುವ ಬಂಧುಗಳಿಗೆ ಇದನ್ನು ಸಹಾನುಭೂತಿಯಿಂದ ತಿಳಿಸಿ ಹೇಳುವುದೂ ತರಬೇತಿಯ ಒಂದು ಪಾಠ. ಮಕ್ಕಳ ದೇಹಗಳನ್ನು ಕೈಯಾರೆ ಎತ್ತಿ ತರುವ ಮುಳುಗುಗಾರರ ಮನಸ್ಸಿನ ಮೇಲಾಗುವ ಗಾಯಕ್ಕೆ ಆಪ್ತಸಮಾಲೋಚನೆಯ ವ್ಯವಸ್ಥೆ ಇರಬೇಕೆಂಬ ಅರಿವೂ ಈಗ ಮೂಡಿದೆ.

ಮೊದಲ ನಿಮಿಷಗಳು ಯಾವಾಗಲೂ ಅಲ್ಲೇ ಇದ್ದವರ ಪಾಲು. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಶಾಲಾ ಮಕ್ಕಳೂ ಸೇರಿ 30 ಮಂದಿ ಮೃತಪಟ್ಟಾಗ ಮೊದಲು ಧಾವಿಸಿದವರು ಸುತ್ತಲಿನ ಗ್ರಾಮಸ್ಥರು. ಯಾವ ವಿಶೇಷ ಪಡೆಯೂ ಅಂಥ ನಾಲೆಯ ದಂಡೆಗೆ ನಿಮಿಷಗಳಲ್ಲಿ ತಲುಪಲಾರದು. ಹೀಗಾಗಿ ಜನಸಾಮಾನ್ಯರಿಗೂ ಒಂದು ಕ್ರಮವನ್ನು ಕಲಿಸಲಾಗುತ್ತದೆ: ಮೊದಲು ಕೋಲು ಚಾಚಿ, ಆಗದಿದ್ದರೆ ಹಗ್ಗವನ್ನೋ ತೇಲುವ ಖಾಲಿ ಡಬ್ಬಿಯನ್ನೋ ಎಸೆಯಿರಿ, ಅದೂ ಆಗದಿದ್ದರೆ ದೋಣಿ ಬಳಸಿ, ಸ್ವತಃ ನೀರಿಗಿಳಿಯುವುದು ತರಬೇತಾದವರ ಕೊನೆಯ ಉಪಾಯ. ಹೊರತೆಗೆದ ವ್ಯಕ್ತಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ, ತಲೆಕೆಳಗು ಮಾಡಿ ನೀರು ಕಕ್ಕಿಸುವ ರೂಢಿಯಲ್ಲಿ ಅಮೂಲ್ಯ ಸಮಯ ಹಾಳಾಗುತ್ತದೆ. ತಡಮಾಡದೆ ಬಾಯಿಯ ಮೂಲಕ ಉಸಿರು ಊದಿ, ಬಳಿಕ ಎದೆ ಒತ್ತುವ ಕ್ರಮವನ್ನು ಆರಂಭಿಸಬೇಕೆಂಬುದು ವೈದ್ಯಕೀಯ ಸಲಹೆ.

ರಾಜ್ಯದ ಮುಂದಿರುವ ಕೆಲಸ

ಭಾರತದಲ್ಲಿ ಈ ವಿದ್ಯೆಯ ಆಳವಾದ ಪರಂಪರೆ ನೌಕಾಪಡೆಯದು. ಅದರ ಮುಳುಗು ಶಾಲೆ ಕೊಚ್ಚಿಯಲ್ಲಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅನ್ವಯ ರೂಪುಗೊಂಡ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯಲ್ಲಿಯೂ, ರಾಜ್ಯದ ಪಡೆಯಲ್ಲಿಯೂ ನೀರಿನ ರಕ್ಷಣೆಗೆ ಸಜ್ಜಾದ ಸಿಬ್ಬಂದಿಯಿದ್ದಾರೆ. ಆದರೆ ರಾಜ್ಯದ ಅಸಂಖ್ಯ ಕೆರೆ, ನಾಲೆ, ಹೊಳೆಗಳ ದಂಡೆಯಲ್ಲಿ ಮೊದಲು ಕರೆ ಹೋಗುವುದು ಊರಿನ ಮೀನುಗಾರನಿಗೆ, ಅಂಬಿಗನಿಗೆ, ಈಜಿನಲ್ಲಿ ಹೆಸರಾದ ಯುವಕನಿಗೆ. ನೀರಿನ ಸುಳಿ, ಸೆಳೆತ, ತಳದ ಬಂಡೆಗಳ ವಿಷಯದಲ್ಲಿ ಅವರಿಗಿರುವ ಅರಿವು ಯಾವ ಪಠ್ಯದಲ್ಲೂ ದೊರೆಯದು. ಅವರ ಬಳಿ ಇಲ್ಲದಿರುವುದು ಮೀಸಲು ಮುಳುಗುಗಾರ, ಎದೆಪಟ್ಟಿ, ಒಂದೇ ಬಗೆಯ ಹಗ್ಗದ ಸಂಕೇತ, ವೈದ್ಯಕೀಯ ತಪಾಸಣೆ ಹಾಗೂ ವಿಮೆ.

ಇವು ಯಾವುವೂ ದುಬಾರಿ ಯಂತ್ರಗಳಲ್ಲ. ಜಿಲ್ಲೆಗೊಂದರಂತೆ ಅಂಥವರ ಪಟ್ಟಿ ಸಿದ್ಧಪಡಿಸಿ, ಅಗ್ನಿಶಾಮಕ ಸಿಬ್ಬಂದಿಯೊಂದಿಗೆ ಒಂದೇ ಹಗ್ಗದಲ್ಲಿ ವರ್ಷಕ್ಕೆ ಕೆಲವು ದಿನ ಅಭ್ಯಾಸ ಮಾಡಿಸಿದರೂ ಪರಿಸ್ಥಿತಿ ಬಹಳಷ್ಟು ಸುಧಾರಿಸುತ್ತದೆ. ಮುಳುಗುವವನ ಜೊತೆ ಹಗ್ಗ ಹಿಡಿಯುವವನೂ, ‘ಇವತ್ತು ಇಳಿಯಬೇಡಿ’ ಎಂದು ಹೇಳಬಲ್ಲ ಮೇಲ್ವಿಚಾರಕನೂ ಅದೇ ಅಭ್ಯಾಸದಲ್ಲಿ ತಯಾರಾಗಬೇಕು. ಮುಂದಿನ ಮಳೆಗಾಲದಲ್ಲಿಯೂ ಆ ಪರಿಚಿತ ಸಾಲು ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. ಶೋಧಕ್ಕಿಳಿದ ಎಲ್ಲರೂ ಸುರಕ್ಷಿತವಾಗಿ ದಡ ಸೇರಿದರೆಂಬ ಇನ್ನೊಂದು ಸಾಲು ಅದರ ಜೊತೆಗೆ ಬರಬೇಕಾದರೆ, ಅದಕ್ಕೆ ಬೇಕಾದ ಸಿದ್ಧತೆ ಮಳೆಗೆ ಮುಂಚೆಯೇ ನಡೆಯಬೇಕು.